ಭಯದ ನೆನಪು: ಮೆದುಳಿನಲ್ಲಿ ಅದು ನೆಲೆಯೂರುವ ಬಗೆ, ಸಡಿಲಗೊಳ್ಳುವ ಬಗೆ

ಹೊಲದ ಬಾವಿಗೆ ಕಾಲುಜಾರಿ ಬಿದ್ದು ಸುದೈವದಿಂದ ಬದುಕಿ ಬಂದವರು, ವರ್ಷಗಳು ಉರುಳಿದ ಮೇಲೂ ನೀರಿನ ಸಪ್ಪಳ ಕೇಳಿದೊಡನೆ ಬೆವರುವುದುಂಟು. ರಸ್ತೆ ಅಪಘಾತದಲ್ಲಿ ಸಿಲುಕಿ, ಗಾಯ ಮಾಯ್ದು ಮನೆಗೆ ಮರಳಿದವರು ಲಾರಿಯ ಹಾರ್ನ್ ಕೇಳಿದರೆ ದಾರಿಬದಿಗೆ ಸರಿದು ನಿಂತುಬಿಡುವುದುಂಟು. ಕೈಕಾಲು ನೆಟ್ಟಗಿವೆ, ಊಟ ಉಪಚಾರಕ್ಕೆ ಕೊರತೆಯಿಲ್ಲ. ಆದರೂ ನಡುರಾತ್ರಿ ಬೆಚ್ಚಿಬಿದ್ದು ಎದ್ದು ಕೂಡುತ್ತಾರೆ. ‘ಆದದ್ದು ಆಗಿಹೋಯಿತು, ಇನ್ನು ಮನಸ್ಸು ಗಟ್ಟಿ ಮಾಡಿಕೋ’ ಎಂದು ಮನೆಯ ಹಿರಿಯರು ಹೇಳುತ್ತಾರೆ. ‘ಅಂಜಿಕೆ ಹೊಕ್ಕಿದೆ, ಒಂದು ತಾಯಿತ ಕಟ್ಟಿಸಿರಿ’ ಎಂದು ನೆರೆಯವರು ಹೇಳುತ್ತಾರೆ. ಇಬ್ಬರ ಮಾತಿನ ಹಿಂದೆಯೂ ಕಾಳಜಿ ಇದೆ. ಆದರೆ ಇಬ್ಬರ ಮಾತಿನಿಂದಲೂ ಆ ವ್ಯಕ್ತಿಗೆ ತಾನು ದುರ್ಬಲನೆಂಬ ನಾಚಿಕೆ ಉಳಿಯುತ್ತದೆಯೇ ಹೊರತು ಎದೆಬಡಿತ ಇಳಿಯುವುದಿಲ್ಲ.

ಭಯದ ನೆನಪೆಂಬುದು ಮೆದುಳಿನ ನರಕೋಶಗಳಲ್ಲಿ ಕೆಲವು ರಾಸಾಯನಿಕಗಳ ನೆರವಿನಿಂದ ನಡೆಯುವ ಒಂದು ಕೆಲಸ. ಆ ಕೆಲಸ ಒಮ್ಮೆ ಮುಗಿದರೆ ನೆನಪು ಕಲ್ಲಿನ ಬರಹದಂತೆ ಸ್ಥಿರವೆಂದು ವಿಜ್ಞಾನಿಗಳೂ ಬಹುಕಾಲ ನಂಬಿದ್ದರು. ಕಳೆದ ಸುಮಾರು 25 ವರ್ಷಗಳ ಸಂಶೋಧನೆ ಈ ನಂಬಿಕೆಯನ್ನು ಬಹುಮಟ್ಟಿಗೆ ಅಲುಗಿಸಿದೆ. ನೆನಪು ಮರುಕಳಿಸಿದಾಗ ಅದು ಕೆಲಕಾಲ ಸಡಿಲವಾಗಿ, ಅನಂತರ ಮತ್ತೆ ಗಟ್ಟಿಗೊಳ್ಳಬಲ್ಲದು. ಹಾಗೆ ಗಟ್ಟಿಗೊಳ್ಳುವಾಗ ಆ ಹೊತ್ತಿನ ಮೆದುಳಿನ ಸ್ಥಿತಿಯ ಪ್ರಭಾವ ಅದರ ಮೇಲಾಗುತ್ತದೆ. ಈ ಸಂಗತಿಯನ್ನು ಭಕ್ತರು ತಿಳಿದುಕೊಂಡರೆ, ಆಘಾತಕ್ಕೆ ಒಳಗಾದವರೊಡನೆ ಮನೆಯವರೂ ಬಂಧುಗಳೂ ಹೇಗೆ ನಡೆದುಕೊಳ್ಳಬೇಕೆಂಬುದು ಸ್ವಲ್ಪಮಟ್ಟಿಗಾದರೂ ಸ್ಪಷ್ಟವಾದೀತೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ಮೆದುಳಿನ ಎರಡೂ ಪಾರ್ಶ್ವಗಳಲ್ಲಿ, ಕಣತಲೆಯ ಒಳಭಾಗದಲ್ಲಿ, ಬಾದಾಮಿ ಬೀಜದ ಆಕಾರದ ಒಂದೊಂದು ನರಕೋಶಗಳ ಗುಂಪಿದೆ. ಅದರ ಹೆಸರು ಅಮಿಗ್ಡಲಾ. ಗ್ರೀಕ್ ಮೂಲದ ಈ ಪದಕ್ಕೆ ಬಾದಾಮಿ ಎಂದೇ ಅರ್ಥ. ಕಣ್ಣು, ಕಿವಿ, ಚರ್ಮಗಳಿಂದ ಬರುವ ಸುದ್ದಿ ಇಲ್ಲಿಗೂ ತಲುಪುತ್ತದೆ. ಮಗುವೊಂದಕ್ಕೆ ನಾಯಿ ಕಚ್ಚಿತೆಂದು ತಿಳಿಯೋಣ. ಬೊಗಳಿದ ಧ್ವನಿಯೂ ಕಚ್ಚಿದ ನೋವೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಅಮಿಗ್ಡಲಾದ ಕೋಶಗಳನ್ನು ಮುಟ್ಟುತ್ತವೆ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ಗ್ಲುಟಮೇಟ್ ಎಂಬ ರಾಸಾಯನಿಕದ ಮೂಲಕ. ಅದನ್ನು ಬರಮಾಡಿಕೊಳ್ಳುವ ಬಾಗಿಲುಗಳಲ್ಲಿ ಎನ್‌ಎಂಡಿಎ ಎಂಬುದೊಂದು ವಿಶೇಷ ಬಾಗಿಲಿದೆ. ಅದಕ್ಕೆ ಎರಡು ಚಿಲಕಗಳಿದ್ದಂತೆ. ಗ್ಲುಟಮೇಟ್ ಬಂದರಷ್ಟೇ ಅದು ತೆರೆಯದು. ಅದೇ ವೇಳೆಗೆ ಆ ಕೋಶ ಬೇರೊಂದು ಪ್ರಬಲ ಸುದ್ದಿಯಿಂದ ಉದ್ರೇಕಗೊಂಡಿರಬೇಕು. ಬೊಗಳುವಿಕೆ ಒಂದು ಚಿಲಕವನ್ನು ತೆಗೆದರೆ ನೋವು ಇನ್ನೊಂದನ್ನು ತೆಗೆಯುತ್ತದೆ. ಬಾಗಿಲು ತೆರೆದೊಡನೆ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಆಮೇಲೆ ಕೋಶದೊಳಗೆ ಹೊಸ ಪ್ರೋಟೀನುಗಳು ತಯಾರಾಗಿ, ಆ ಎರಡು ಕೋಶಗಳ ನಡುವಿನ ಸಂಧಿ ಬಲಗೊಳ್ಳುತ್ತದೆ. ಮುಂದೆ ನೋವಿಲ್ಲದೆ ಬೊಗಳಿದ ಧ್ವನಿಯೊಂದೇ ಕೇಳಿದರೂ ಎದೆ ಹೊಡೆದುಕೊಳ್ಳುವುದು ಈ ಬಲಗೊಂಡ ಸಂಧಿಯಿಂದ.

ಸಾಮಾನ್ಯ ನೆನಪುಗಳಿಗಿಂತ ಭಯದ ನೆನಪು ಆಳಕ್ಕಿಳಿಯಲು ಇನ್ನೊಂದು ಕಾರಣವಿದೆ. ಅಪಾಯ ಎದುರಾದಾಗ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ಹಾಗೂ ಕಾರ್ಟಿಸಾಲ್‌ಗಳನ್ನು ರಕ್ತಕ್ಕೆ ಬಿಡುತ್ತವೆ. ಮೆದುಳಿನ ಕಾಂಡದಲ್ಲಿರುವ ಒಂದು ಪುಟ್ಟ ಕೋಶಸಮೂಹ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಮೆದುಳಿನ ತುಂಬ ಹರಡುತ್ತದೆ. ಅಮಿಗ್ಡಲಾಕ್ಕೆ ಇದು ‘ಈ ಘಟನೆಯನ್ನು ಮರೆಯಬೇಡ’ ಎಂಬ ಆಜ್ಞೆಯಿದ್ದಂತೆ. 1994ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲ್ಯಾರಿ ಕಾಹಿಲ್, ಜೇಮ್ಸ್ ಮೆಕ್‌ಗಾ ಮತ್ತು ಸಂಗಡಿಗರು ಇದನ್ನು ಮನುಷ್ಯರಲ್ಲಿಯೇ ಪರೀಕ್ಷಿಸಿದರು. ಕೆಲವರಿಗೆ ಸಾಧಾರಣವಾದ ಒಂದು ಕಥೆಯನ್ನೂ ಕೆಲವರಿಗೆ ಬಾಲಕನೊಬ್ಬನಿಗೆ ಭೀಕರ ಅಪಘಾತವಾಗುವ ಕಥೆಯನ್ನೂ ಚಿತ್ರಗಳೊಡನೆ ಹೇಳಿದರು. ಒಂದು ವಾರದ ಅನಂತರ ಕೇಳಿದಾಗ, ಅಪಘಾತದ ಭಾಗ ಇತರ ಭಾಗಗಳಿಗಿಂತ ಚೆನ್ನಾಗಿ ನೆನಪಿನಲ್ಲಿ ಉಳಿದಿತ್ತು. ಆದರೆ ಕಥೆ ಕೇಳುವ ಮೊದಲು ಪ್ರೊಪ್ರನೊಲಾಲ್ ಎಂಬ ಔಷಧ ಸೇವಿಸಿದ್ದವರಲ್ಲಿ ಈ ಹೆಚ್ಚುಗಾರಿಕೆ ಕಾಣಲಿಲ್ಲ. ಸಾಧಾರಣ ಭಾಗವನ್ನು ಮಾತ್ರ ಅವರು ಎಲ್ಲರಂತೆಯೇ ನೆನಪಿಟ್ಟಿದ್ದರು. ಪ್ರೊಪ್ರನೊಲಾಲ್ ರಕ್ತದೊತ್ತಡಕ್ಕೂ ಅರೆತಲೆನೋವಿಗೂ ವೈದ್ಯರು ಬಹುಕಾಲದಿಂದ ಕೊಡುತ್ತ ಬಂದಿರುವ ಮಾತ್ರೆ. ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್‌ಗಳು ಕೋಶವನ್ನು ಮುಟ್ಟುವ ಬಾಗಿಲುಗಳಲ್ಲಿ ಒಂದು ಬಗೆಯದನ್ನು ಅದು ಮುಚ್ಚುತ್ತದೆ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಏನು ನಡೆಯಿತು, ಎಲ್ಲಿ, ಯಾವಾಗ ಎಂಬ ವೃತ್ತಾಂತವನ್ನು ಕೂಡಿಸಿಡುವುದು ಮುಖ್ಯವಾಗಿ ಹಿಪೊಕ್ಯಾಂಪಸ್ ಎಂಬ ಭಾಗ. ದೇಹ ನಡುಗುವ ಭಯವನ್ನು ಕಾದಿಡುವುದು ಮುಖ್ಯವಾಗಿ ಅಮಿಗ್ಡಲಾ. ಇವೆರಡೂ ಕೂಡಿ ನಡೆಯುತ್ತವೆಯಾದರೂ ಬೇರೆಬೇರೆಯಾಗಿಯೂ ಇರಬಲ್ಲವು. 1911ರಲ್ಲಿ ಜಿನೀವಾದ ವೈದ್ಯ ಕ್ಲಾಪರೇಡ್ ಒಂದು ಪ್ರಸಂಗವನ್ನು ದಾಖಲಿಸಿದ್ದಾರೆ. ಅವರ ರೋಗಿಯಾಗಿದ್ದ ಮಹಿಳೆಯೊಬ್ಬರಿಗೆ ಹೊಸ ನೆನಪುಗಳು ನಿಲ್ಲುತ್ತಿರಲಿಲ್ಲ. ನಿತ್ಯ ನೋಡುವ ವೈದ್ಯರನ್ನೂ ಹೊಸಬರೆಂದೇ ತಿಳಿಯುತ್ತಿದ್ದರು. ಒಂದು ದಿನ ಕ್ಲಾಪರೇಡ್ ಬೆರಳುಗಳ ನಡುವೆ ಗುಂಡುಸೂಜಿ ಅಡಗಿಸಿಟ್ಟು ಆಕೆಯ ಕೈಕುಲುಕಿದರು. ಮುಂದಿನ ಸಲ ಕೈ ಚಾಚಿದಾಗ ಆಕೆ ತಟ್ಟನೆ ತಮ್ಮ ಕೈ ಹಿಂದೆಗೆದುಕೊಂಡರು. ಏಕೆಂದು ಕೇಳಿದರೆ ಸೂಜಿ ಚುಚ್ಚಿದ ಘಟನೆ ಅವರಿಗೆ ನೆನಪೇ ಇರಲಿಲ್ಲ. ಇಂತಹ ಪರೀಕ್ಷೆಯನ್ನು ಇಂದು ಯಾವ ವೈದ್ಯರೂ ಮಾಡಲಾರರು, ಮಾಡಲೂಬಾರದು. ಆದರೆ ವೃತ್ತಾಂತ ಅಳಿದರೂ ಭಯ ಉಳಿಯಬಲ್ಲದೆಂಬುದನ್ನು ಅದು ತೋರಿಸಿತು. ‘ಎಲ್ಲ ತಿಳಿದೂ ಏಕೆ ಹೆದರುತ್ತೀ’ ಎಂದು ನಾವು ಕೇಳುವ ಪ್ರಶ್ನೆ ಏಕೆ ಫಲ ಕೊಡುವುದಿಲ್ಲವೆಂಬುದೂ ಇದರಿಂದ ತಿಳಿಯುತ್ತದೆ. ತಿಳಿವಳಿಕೆಯ ಮಾತು ಅಮಿಗ್ಡಲಾಕ್ಕೆ ನೇರವಾಗಿ ಕೇಳಿಸುವುದಿಲ್ಲ.

ನೆನಪು ಗಟ್ಟಿಯಾಗಲು ಸಮಯ ಬೇಕೆಂಬ ವಿಚಾರವನ್ನು 1900ರಲ್ಲಿಯೇ ಜರ್ಮನಿಯ ಮ್ಯೂಲರ್ ಮತ್ತು ಪಿಲ್ಜೆಕರ್ ಎಂಬ ವಿದ್ವಾಂಸರು ಮುಂದಿಟ್ಟಿದ್ದರು. ಇದನ್ನು ನೆನಪಿನ ದೃಢೀಕರಣವೆನ್ನೋಣ. ಆಲೆಮನೆಯಲ್ಲಿ ಕುದಿದ ಪಾಕವನ್ನು ಅಚ್ಚಿಗೆ ಸುರಿದಾಗ ಅದು ಕೂಡಲೇ ಗಟ್ಟಿಯಾಗುವುದಿಲ್ಲ. ಆರಿದ ಮೇಲೆ ಅಚ್ಚಿನ ಬೆಲ್ಲವಾಗುತ್ತದೆ. ಹಾಗೆಯೇ ನೆನಪೂ ಕೆಲವು ಗಂಟೆಗಳಲ್ಲಿ ಹೆಪ್ಪುಗಟ್ಟುತ್ತದೆ, ಆಮೇಲೆ ಅದನ್ನು ಯಾವುದೂ ಬದಲಿಸಲಾರದೆಂಬುದು ಪಂಡಿತರ ಅಭಿಪ್ರಾಯವಾಗಿತ್ತು. 1968ರಲ್ಲಿ ಅಮೆರಿಕದ ಡೊನಾಲ್ಡ್ ಲೂಯಿಸ್ ಮತ್ತು ಸಂಗಡಿಗರು ಇಲಿಗಳ ಮೇಲೆ ಮಾಡಿದ ಪ್ರಯೋಗವೊಂದು ಇದಕ್ಕೆ ವಿರುದ್ಧವಾದ ಸುಳಿವು ಕೊಟ್ಟಿತು. ಆದರೆ ಅದು ದಶಕಗಳ ಕಾಲ ಹೆಚ್ಚಿನವರ ಗಮನಕ್ಕೆ ಬಾರದೆ ಉಳಿಯಿತು.

2000ನೇ ಇಸವಿಯಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಕರೀಮ್ ನಾದೆರ್, ಗ್ಲೆನ್ ಶಾಫೆ ಮತ್ತು ಜೋಸೆಫ್ ಲೆಡೂ ಮಾಡಿದ ಪ್ರಯೋಗ ಈ ವಿಷಯಕ್ಕೆ ಹೊಸ ತಿರುವು ನೀಡಿತು. ಅದನ್ನು ಸ್ವಲ್ಪ ವಿವರವಾಗಿ ನೋಡುವುದು ಲೇಸು. ಇಲಿಗಳಿಗೆ ಒಂದು ನಾದವನ್ನು ಕೇಳಿಸಿ, ಅದರ ಕೊನೆಯಲ್ಲಿ ಪಾದಕ್ಕೆ ಸಣ್ಣ ವಿದ್ಯುತ್ ಆಘಾತ ಕೊಟ್ಟರು. ಒಂದೇ ಸಲ ಕೊಟ್ಟರೂ ಸಾಕಾಯಿತು. ಆ ನಾದ ಕೇಳಿದರೆ ಇಲಿಗಳು ಮರಗಟ್ಟಿದಂತೆ ನಿಂತುಬಿಡುತ್ತಿದ್ದವು. ಮರುದಿನ ಆಘಾತವಿಲ್ಲದೆ ನಾದವನ್ನಷ್ಟೇ ಒಮ್ಮೆ ಕೇಳಿಸಿದರು. ಅಂದರೆ ಭಯದ ನೆನಪನ್ನು ಎಬ್ಬಿಸಿದರು. ಕೂಡಲೇ ಅಮಿಗ್ಡಲಾದೊಳಕ್ಕೆ ಅನಿಸೋಮೈಸಿನ್ ಎಂಬ ವಸ್ತುವನ್ನು ಸೇರಿಸಿದರು. ಕೋಶಗಳಲ್ಲಿ ಹೊಸ ಪ್ರೋಟೀನ್ ತಯಾರಾಗುವುದನ್ನು ಅದು ತಡೆಯುತ್ತದೆ. ಅದರ ಮರುದಿನ ನಾದ ಕೇಳಿಸಿದಾಗ ಆ ಇಲಿಗಳ ಭಯ ಬಹುಮಟ್ಟಿಗೆ ಇಳಿದಿತ್ತು. ನಾದ ಕೇಳಿಸದೆ, ಎಂದರೆ ನೆನಪನ್ನು ಎಬ್ಬಿಸದೆ, ಅದೇ ವಸ್ತುವನ್ನು ಕೊಟ್ಟ ಇಲಿಗಳಲ್ಲಿ ಭಯ ಹಾಗೆಯೇ ಇತ್ತು. ನೆನಪನ್ನು ಎಬ್ಬಿಸಿ 6 ಗಂಟೆ ಕಳೆದ ಮೇಲೆ ಕೊಟ್ಟರೂ ಪರಿಣಾಮವಾಗಲಿಲ್ಲ. ಭಯ ಕಲಿತು 14 ದಿನಗಳಾದ ಮೇಲೆ ಪ್ರಯೋಗ ಮಾಡಿದಾಗಲೂ ಫಲ ಅದೇ ಆಗಿತ್ತು.

ಇದರ ಅರ್ಥವೇನೆಂದರೆ, ಅಚ್ಚಿನ ಬೆಲ್ಲ ಮತ್ತೆ ಪಾಕವಾಗಬಲ್ಲದು. ನೆನಪು ಎಚ್ಚತ್ತಾಗ ಅದನ್ನು ಹಿಡಿದಿಟ್ಟಿದ್ದ ನರಸಂಧಿಗಳು ಕೆಲವು ಗಂಟೆಗಳ ಕಾಲ ಸಡಿಲಗೊಳ್ಳುತ್ತವೆ; ಮತ್ತೆ ಗಟ್ಟಿಯಾಗಲು ಹೊಸದಾಗಿ ಪ್ರೋಟೀನ್ ತಯಾರಾಗಲೇಬೇಕು. ಇದಕ್ಕೆ ಪುನರ್ದೃಢೀಕರಣವೆಂದು ಹೆಸರಿಡಬಹುದು. ಕರಗಿದ ಬೆಲ್ಲಕ್ಕೆ ಏಲಕ್ಕಿ ಬೆರೆತರೆ ಏಲಕ್ಕಿಯೊಡನೆ, ಧೂಳು ಬಿದ್ದರೆ ಧೂಳಿನೊಡನೆ ಅದು ಮತ್ತೆ ಹೆಪ್ಪುಗಟ್ಟುತ್ತದೆ. ನೆನಪು ಸಡಿಲವಾಗಿರುವ ಹೊತ್ತಿನಲ್ಲಿ ನಾರ್‌ಅಡ್ರಿನಲಿನ್ ಹೆಚ್ಚಿದ್ದರೆ ಭಯ ಇನ್ನಷ್ಟು ಬಲಗೊಳ್ಳಬಹುದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಅದರ ಕೆಲಸವನ್ನು ತಡೆದರೆ ಭಯ ಕುಗ್ಗುವುದನ್ನೂ ತೋರಿಸಿವೆ.

ಆದರೆ ಪ್ರತಿ ಸ್ಮರಣೆಯೂ ನೆನಪನ್ನು ಸಡಿಲಗೊಳಿಸುವುದಿಲ್ಲ. ನಿರೀಕ್ಷಿಸಿದಂತೆಯೇ ಎಲ್ಲವೂ ನಡೆದರೆ ಮೆದುಳಿಗೆ ತಿದ್ದಿಕೊಳ್ಳಲು ಏನೂ ಇರುವುದಿಲ್ಲ. ನಿರೀಕ್ಷೆಗೂ ಅನುಭವಕ್ಕೂ ವ್ಯತ್ಯಾಸ ಕಂಡಾಗಲೇ ಅದು ಹಳೆಯ ಕಡತವನ್ನು ಬಿಚ್ಚುತ್ತದೆ. ಬಹಳ ಹಳೆಯ ಹಾಗೂ ಬಹಳ ಪ್ರಬಲವಾದ ಭಯ ಬೇಗನೆ ಸಡಿಲವಾಗದು. ಆದುದರಿಂದಲೇ ಪ್ರಯೋಗಶಾಲೆಯ ಇಲಿಯಲ್ಲಿ ಸುಲಭವಾಗಿ ಕಂಡದ್ದು ಮನುಷ್ಯನಲ್ಲಿ ಅಷ್ಟು ಸುಲಭವಾಗಿ ಕೈಗೂಡಿಲ್ಲ.

ಅನಿಸೋಮೈಸಿನ್ ವಿಷಕಾರಿಯಾದುದರಿಂದ ಮನುಷ್ಯರಲ್ಲಿ ಅದರ ಬದಲು ಪ್ರೊಪ್ರನೊಲಾಲ್ ಬಳಸಿ ನೋಡಿದರು. 2009ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಮೆರೆಲ್ ಕಿಂಟ್ ಮತ್ತು ಸಂಗಡಿಗರು ಆರೋಗ್ಯವಂತ ತರುಣರಿಗೆ ಜೇಡದ ಚಿತ್ರವನ್ನು ಸಣ್ಣ ವಿದ್ಯುತ್ ಆಘಾತದೊಡನೆ ತೋರಿಸಿದರು. ಮರುದಿನ ಕೆಲವರಿಗೆ 40 ಮಿಲಿಗ್ರಾಂ ಪ್ರೊಪ್ರನೊಲಾಲ್, ಕೆಲವರಿಗೆ ಔಷಧವಿಲ್ಲದ ಹುಸಿಗುಳಿಗೆ ಕೊಟ್ಟು ಆ ಚಿತ್ರವನ್ನು ಮತ್ತೆ ತೋರಿಸಿದರು. ಮೂರನೆಯ ದಿನ, ಔಷಧ ಪಡೆದಿದ್ದವರಲ್ಲಿ ಬೆಚ್ಚುವಿಕೆ ಕಾಣದಾಯಿತು. ‘ಈ ಚಿತ್ರ ಬಂದರೆ ಆಘಾತವಾಗಬಹುದು’ ಎಂಬ ತಿಳಿವಳಿಕೆ ಮಾತ್ರ ಅವರಲ್ಲಿ ಹಾಗೆಯೇ ಇತ್ತು. ನೆನಪು ಉಳಿದು ನಡುಕವಷ್ಟೇ ಹೋಗಿತ್ತು. ಕ್ಲಾಪರೇಡರ ರೋಗಿಯಲ್ಲಿ ಕಂಡದ್ದಕ್ಕೆ ಇದು ನೇರ ತಿರುವುಮುರುವು.

ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಅಲೈನ್ ಬ್ರೂನೆ ಮತ್ತು ಸಂಗಡಿಗರು ಇದನ್ನು ರೋಗಿಗಳಲ್ಲಿಯೇ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ದೀರ್ಘಕಾಲದಿಂದ ಆಘಾತೋತ್ತರ ಒತ್ತಡದ ವ್ಯಾಧಿಯಿಂದ ನರಳುತ್ತಿದ್ದ 60 ಮಂದಿಗೆ ವಾರಕ್ಕೊಮ್ಮೆಯಂತೆ 6 ವಾರಗಳವರೆಗೆ ಚಿಕಿತ್ಸೆ ನಡೆಯಿತು. ಪ್ರತಿ ಸಲವೂ ಔಷಧ ಇಲ್ಲವೆ ಹುಸಿಗುಳಿಗೆ ನುಂಗಿ, ಒಂದೂವರೆ ಗಂಟೆಯ ಅನಂತರ ತಮ್ಮ ಆಘಾತದ ಘಟನೆಯನ್ನು ಅವರು ಚಿಕಿತ್ಸಕರ ಸಮ್ಮುಖದಲ್ಲಿ ನೆನಪಿಗೆ ತಂದುಕೊಳ್ಳುತ್ತಿದ್ದರು. ಪ್ರೊಪ್ರನೊಲಾಲ್ ಪಡೆದವರಲ್ಲಿ ಹೆಚ್ಚಿನ ಸುಧಾರಣೆ ಕಂಡುಬಂದಿತು. ಬಳಿಕ ನಡೆದ ಪರೀಕ್ಷೆಗಳೆಲ್ಲವೂ ಇದೇ ಫಲವನ್ನು ಕೊಟ್ಟಿಲ್ಲ. ಆಮ್‌ಸ್ಟರ್‌ಡಾಮ್‌ನ ಫಲವನ್ನು ಮರಳಿ ಪಡೆಯಲಾಗದ ಪ್ರಯೋಗಗಳೂ ಇವೆ. ಆದುದರಿಂದ ಇದನ್ನು ಸಿದ್ಧಚಿಕಿತ್ಸೆಯೆನ್ನದೆ, ಭರವಸೆ ಹುಟ್ಟಿಸಿರುವ ಒಂದು ದಾರಿಯೆನ್ನುವುದು ನ್ಯಾಯ.

ಇದನ್ನೋದಿದವರು ಔಷಧದ ಅಂಗಡಿಗೆ ಹೋಗಿ ಆ ಮಾತ್ರೆಯನ್ನು ತಾವೇ ಕೊಂಡು ನುಂಗಬಾರದೆಂದು ಕಳಕಳಿಯಿಂದ ವಿನಂತಿಸುತ್ತೇವೆ. ಉಬ್ಬಸವುಳ್ಳವರಲ್ಲಿ ಪ್ರೊಪ್ರನೊಲಾಲ್ ಶ್ವಾಸನಾಳಗಳನ್ನು ಬಿಗಿದು ಪ್ರಾಣಾಪಾಯ ತರಬಲ್ಲದು. ನಾಡಿಯ ಬಡಿತ ಮೊದಲೇ ನಿಧಾನವಾಗಿರುವವರಿಗೂ ರಕ್ತದೊತ್ತಡ ಕಡಿಮೆಯಿರುವವರಿಗೂ ಅದು ಸಲ್ಲದು. ಮಧುಮೇಹಕ್ಕೆ ಇನ್ಸುಲಿನ್ ಪಡೆಯುವವರಲ್ಲಿ ಸಕ್ಕರೆ ಇಳಿದಾಗ ಆಗುವ ಎದೆಬಡಿತ, ನಡುಕಗಳೆಂಬ ಎಚ್ಚರಿಕೆಯನ್ನು ಅದು ಮರೆಮಾಡುತ್ತದೆ. ಈಗಾಗಲೇ ವೈದ್ಯರ ಸಲಹೆಯಂತೆ ಅದನ್ನು ಸೇವಿಸುತ್ತಿರುವವರು ಏಕಾಏಕಿ ನಿಲ್ಲಿಸುವುದೂ ಅಪಾಯಕರ.

ಹಾಗಾದರೆ ಇಂದು ಮನೋವೈದ್ಯರು ಮುಖ್ಯವಾಗಿ ಅವಲಂಬಿಸಿರುವುದು ಯಾವುದನ್ನು? ಭಯದ ವಸ್ತುವಿಗೆ ಸುರಕ್ಷಿತ ವಾತಾವರಣದಲ್ಲಿ ಹಂತಹಂತವಾಗಿ ಎದುರಾಗುವ ಚಿಕಿತ್ಸೆಯನ್ನು. ಬಾವಿಗೆ ಬಿದ್ದವರು ಮೊದಲು ದೂರದಿಂದ ಬಾವಿಯನ್ನು ನೋಡುವುದು, ಬಳಿಕ ಹತ್ತಿರ ಹೋಗಿ ನಿಲ್ಲುವುದು, ಮುಂದೆ ಜೊತೆಯವರೊಡನೆ ಕಟ್ಟೆಯ ಮೇಲೆ ಕೂಡುವುದು. ಇದರಲ್ಲಿ ಹಳೆಯ ನೆನಪು ಅಳಿಯುವುದಕ್ಕಿಂತ ಹೆಚ್ಚಾಗಿ, ‘ಈಗ ಅಪಾಯವಿಲ್ಲ’ ಎಂಬ ಹೊಸ ನೆನಪು ಹುಟ್ಟಿ ಹಳೆಯದನ್ನು ಅದುಮಿಡುತ್ತದೆ. ಹಣೆಯ ಹಿಂಭಾಗದ ಮೆದುಳು ಅಮಿಗ್ಡಲಾವನ್ನು ಸಂತೈಸಲು ಕಲಿಯುತ್ತದೆ. ಅದುಮಿಟ್ಟದ್ದು ಕೆಲವೊಮ್ಮೆ ಮತ್ತೆ ತಲೆಯೆತ್ತುವುದನ್ನು ರಷ್ಯದ ಪಾವ್ಲೋವ್ ತಮ್ಮ ನಾಯಿಗಳಲ್ಲಿಯೇ ಕಂಡಿದ್ದರು. ಬಹುದಿನ ಸುಮ್ಮನಿದ್ದ ಭಯ ಮರುಕಳಿಸಿದರೆ ಚಿಕಿತ್ಸೆ ವ್ಯರ್ಥವಾಯಿತೆಂದು ಎದೆಗುಂದಬೇಕಿಲ್ಲ. ಅಭ್ಯಾಸವನ್ನು ಮತ್ತೆ ಕೆಲವು ಸಲ ಮಾಡಿದರೆ ಸಾಮಾನ್ಯವಾಗಿ ಹತೋಟಿ ಮರಳುತ್ತದೆ. ಈ ಕಲಿಕೆಯನ್ನು ಔಷಧದಿಂದ ಚುರುಕುಗೊಳಿಸುವ ಯತ್ನವೂ ನಡೆದಿದೆ. ಕ್ಷಯಕ್ಕೆ ಕೊಡುತ್ತಿದ್ದ ಡಿ-ಸೈಕ್ಲೋಸೆರಿನ್ ಎಂಬ ಹಳೆಯ ಔಷಧ ಮೇಲೆ ಹೇಳಿದ ಎನ್‌ಎಂಡಿಎ ಬಾಗಿಲಿಗೆ ಒತ್ತಾಸೆಯಾಗುತ್ತದೆ. ಆದರೆ ಆ ದಿನದ ಅಭ್ಯಾಸ ಭಯದಲ್ಲಿಯೇ ಮುಗಿದರೆ ಅದು ಭಯವನ್ನೂ ಬಲಪಡಿಸಬಲ್ಲದೆಂದು ಆಮೇಲೆ ತಿಳಿದುಬಂದಿತು.

ನಮ್ಮ ಬೆಂಗಳೂರಿನಲ್ಲಿಯೇ ನಡೆದ ಒಂದು ಮಹತ್ತ್ವದ ಸಂಶೋಧನೆಯನ್ನು ಇಲ್ಲಿ ನೆನೆಯಬೇಕು. ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು 2002ರಲ್ಲಿ, ದಿನಕ್ಕೆ 2 ಗಂಟೆಯಂತೆ 10 ದಿನ ಇಲಿಗಳನ್ನು ಅಲುಗಾಡದಂತೆ ಕಟ್ಟಿಹಾಕಿದಾಗ ಮೆದುಳಿನಲ್ಲಾದ ಬದಲಾವಣೆಯನ್ನು ವರದಿ ಮಾಡಿದರು. ಹಿಪೊಕ್ಯಾಂಪಸ್‌ನ ನರಕೋಶಗಳ ರೆಂಬೆಗಳು ಮುದುಡಿದ್ದವು. ಅಮಿಗ್ಡಲಾದವು ಮಾತ್ರ ಇನ್ನಷ್ಟು ಕವಲೊಡೆದಿದ್ದವು. 21 ದಿನ ವಿಶ್ರಾಂತಿ ಕೊಟ್ಟ ಮೇಲೆ ಹಿಪೊಕ್ಯಾಂಪಸ್ ಚೇತರಿಸಿಕೊಂಡಿತಾದರೂ ಅಮಿಗ್ಡಲಾದ ಬೆಳವಣಿಗೆ ಹಾಗೆಯೇ ಉಳಿದಿತ್ತು. 2005ರಲ್ಲಿ ಅವರು ಇನ್ನೊಂದು ಸಂಗತಿಯನ್ನು ಕಂಡರು: ಒಂದೇ ಸಲ 2 ಗಂಟೆ ಕಟ್ಟಿಹಾಕಿದ ಇಲಿಯಲ್ಲಿ ಮರುದಿನ ಹೆಚ್ಚಿನ ಬದಲಾವಣೆ ಕಾಣದು, 10 ದಿನಗಳ ಅನಂತರ ಅಮಿಗ್ಡಲಾದಲ್ಲಿ ಹೊಸ ಸಂಧಿಗಳು ಮೂಡಿರುತ್ತವೆ. ಅಪಘಾತವಾದ ವಾರ ಧೈರ್ಯವಾಗಿದ್ದವರು ಕೆಲದಿನಗಳಾದ ಮೇಲೆ ಕಂಗೆಡುವುದನ್ನು ಮನೆಯವರು ನಟನೆಯೆಂದು ತಿಳಿಯುವುದುಂಟು. ಇಲಿಯ ಮೆದುಳಿನ ಮಾತನ್ನು ಮನುಷ್ಯನಿಗೆ ಹಾಗೆಯೇ ಅನ್ವಯಿಸಲಾಗದಿದ್ದರೂ, ತಡವಾಗಿ ಬರುವ ಭಯವನ್ನು ಅನುಮಾನಿಸುವ ಮೊದಲು ಇದನ್ನು ನೆನೆದರೆ ಒಳಿತು.

ಇನ್ನು ಮನೆಯ ಮಾತು. ಒಂದು ಮನೆಯಲ್ಲಿ ಅವಘಡವಾದರೆ ಊರಿನವರೂ ಬೀಗರೂ ಬಂದು ಮಾತನಾಡಿಸಿಕೊಂಡು ಹೋಗುವುದು ನಮ್ಮ ಕಡೆಯ ಒಳ್ಳೆಯ ಪದ್ಧತಿ. ಆದರೆ ಬಂದವರೆಲ್ಲರೂ ‘ಹೇಗಾಯಿತು? ಎಲ್ಲಿ ಬಡಿಯಿತು? ರಕ್ತ ಬಹಳ ಹೋಯಿತೇ?’ ಎಂದು ಕೇಳುತ್ತಾರೆ. ಬದುಕಿ ಉಳಿದವರು ದಿನಕ್ಕೆ ಹತ್ತು ಸಲ, ಎದೆ ಹೊಡೆದುಕೊಳ್ಳುತ್ತಿರುವಾಗಲೇ, ಅದನ್ನು ಮೊದಲಿನಿಂದ ಹೇಳಬೇಕಾಗುತ್ತದೆ. ಮೇಲಿನ ವಿಷಯವನ್ನು ಓದಿದ ಮೇಲೆ ಇದು ಏಕೆ ಹಿತವಲ್ಲವೆಂದು ವಿವರಿಸಬೇಕಾಗಿಲ್ಲ. ಆಘಾತವಾದ ಕೂಡಲೇ ಒಂದೇ ಸಲದ ಕೂಟದಲ್ಲಿ ಎಲ್ಲವನ್ನೂ ಒತ್ತಾಯವಾಗಿ ಹೇಳಿಸುವ ಕ್ರಮ ಪಾಶ್ಚಾತ್ಯ ದೇಶಗಳಲ್ಲಿಯೂ ಇತ್ತು. ಅದರಿಂದ ಮುಂದಿನ ಕಾಯಿಲೆ ತಪ್ಪುವುದಿಲ್ಲವೆಂದೂ ಕೆಲವರಿಗೆ ಕೆಡುಕೇ ಆಗಬಹುದೆಂದೂ ಅಧ್ಯಯನಗಳಿಂದ ತಿಳಿದ ಮೇಲೆ ಅದನ್ನು ಕೈಬಿಡಲಾಯಿತು. ಅವರಾಗಿಯೇ ಹೇಳತೊಡಗಿದರೆ ಸಮಾಧಾನದಿಂದ ಕೇಳಬೇಕು, ತಡೆಯಬಾರದು. ಹೇಳದಿದ್ದರೆ ಕೆದಕಬಾರದು. ಬಂದವರು ಪಕ್ಕದಲ್ಲಿ ಕುಳಿತು, ಒಂದು ಲೋಟ ಮಜ್ಜಿಗೆ ಕೊಟ್ಟು, ಹೊಲಮನೆಯ ಕೆಲಸವೇನಾದರೂ ಇದ್ದರೆ ಮಾಡಿಕೊಟ್ಟು ಹೋದರೆ ಅದಕ್ಕಿಂತ ದೊಡ್ಡ ದಾಸೋಹವಿಲ್ಲ. ಅಪಘಾತದ ಚಿತ್ರವನ್ನೂ ವಿಡಿಯೊವನ್ನೂ ಮೊಬೈಲಿನಲ್ಲಿ ಅವರಿಗೇ ತೋರಿಸುವ ಅವಿವೇಕವನ್ನು ನಾವು ಕಂಡಿದ್ದೇವೆ, ಅದಂತೂ ಕೂಡದು.

ನಿದ್ರೆ ಬಾರದೆಂದು ಯಾರದೋ ಮನೆಯಲ್ಲಿದ್ದ ನಿದ್ರೆಯ ಗುಳಿಗೆ ಕೊಡುವುದು, ‘ಸ್ವಲ್ಪ ಕುಡಿದರೆ ಮರೆಯುತ್ತದೆ’ ಎಂದು ಮದ್ಯ ಕೊಡುವುದು, ಇವೆರಡೂ ತಪ್ಪು. ಆಘಾತದ ಮೊದಲ ತಿಂಗಳಲ್ಲಿ ಆ ಒತ್ತಡಕ್ಕಾಗಿ ಬೆಂಜೋಡಯಜಪೀನ್ ವರ್ಗದ ನಿದ್ರೆಯ ಗುಳಿಗೆಗಳನ್ನು ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಸಲಹೆ ಮಾಡಿದೆ. ಪ್ರತಿದಿನ ಇಷ್ಟಲಿಂಗಪೂಜೆ ಮಾಡುವವರು ಅದನ್ನು ನಿಲ್ಲಿಸದಿರುವುದು ಒಳ್ಳೆಯದು. ನಿಶ್ಚಿತ ವೇಳೆಗೆ ಮೌನವಾಗಿ ಕುಳಿತು ಉಸಿರು ನಿಧಾನವಾದಾಗ ಎದೆಬಡಿತವೂ ನಿಧಾನವಾಗುತ್ತದೆ. ಪೂಜ್ಯರ ಸನ್ನಿಧಿಯಲ್ಲಿ ಮನಸ್ಸಿನ ಭಾರ ಹೇಳಿಕೊಂಡರೂ ಹಗುರವಾಗುತ್ತದೆ. ಆದರೆ ಇವು ಚಿಕಿತ್ಸೆಗೆ ಬದಲಿಯಲ್ಲ. ಮಠಕ್ಕೆ ಬಂದವರು ಆಸ್ಪತ್ರೆಗೂ ಹೋಗಬೇಕು.

ಯಾವಾಗ ಹೋಗಬೇಕು? ಆಘಾತವಾದ ಮೊದಲ ವಾರಗಳಲ್ಲಿ ಬೆಚ್ಚುವುದು, ಕೆಟ್ಟ ಕನಸು, ನಿದ್ರಾಭಂಗಗಳು ಬಹುಮಂದಿಗೆ ಸಹಜ. ಹೆಚ್ಚಿನವರಲ್ಲಿ ಅವು ತಾವಾಗಿಯೇ ಇಳಿಯುತ್ತವೆ. ಒಂದು ತಿಂಗಳು ಮೀರಿಯೂ ಆ ದೃಶ್ಯ ಕಣ್ಣಮುಂದೆ ಮರುಕಳಿಸುತ್ತಿದ್ದರೆ, ಆ ದಾರಿಯನ್ನೇ ಬಿಟ್ಟು ಸುತ್ತಿ ಬರುತ್ತಿದ್ದರೆ, ಸಣ್ಣ ಸದ್ದಿಗೂ ಸಿಡುಕುತ್ತಿದ್ದರೆ, ಕೆಲಸಕ್ಕೆ ಹೋಗಲಾಗದಿದ್ದರೆ ಮನೋವೈದ್ಯರನ್ನು ಕಾಣಬೇಕು. ಬದುಕು ಬೇಡವೆಂಬ ಮಾತು ಬಂದರೆ ಒಂದು ದಿನವೂ ಕಾಯಬಾರದು. ಮಕ್ಕಳು ಮಾತಿನಲ್ಲಿ ಹೇಳಲಾರರು. ಹಾಸಿಗೆ ಒದ್ದೆ ಮಾಡುವುದು ಮತ್ತೆ ಆರಂಭವಾದರೆ, ಆಟದಲ್ಲಿ ಅದೇ ಅಪಘಾತವನ್ನು ಮತ್ತೆ ಮತ್ತೆ ಆಡತೊಡಗಿದರೆ ಗಮನಿಸಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗಗಳಿವೆ. ಟೆಲಿ-ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿನಲ್ಲಿಯಾದರೂ ಕರೆ ಮಾಡಬಹುದು, ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ರೋಗಿಯೇ ಕರೆ ಮಾಡಬೇಕೆಂದಿಲ್ಲ. ಮನೆಯವರು ಮಾಡಿದರೂ ಏನು ಮಾಡಬೇಕೆಂದು ತಿಳಿಸುತ್ತಾರೆ.